ಪಟ್ಟಿಯ ಬೆನ್ನಿನ ಗುರುತು

ಜನವರಿ 9, ಮಂಗಳವಾರ

ಇವತ್ತು ಒಳಗಿನ ಮರಗೆಲಸ ಶುರುವಾಯ್ತು. ಗೋಡೆ, ಮಾಡು, ನೆಲ ಎಲ್ಲಾ ನಮ್ಮ ಮನೆಯವರು ಕಾಯಿಲೆ ಬೀಳೋ ಮುಂಚೆಯೇ ಆಗಿತ್ತು. ರಜಾ ಸಿಕ್ಕಾಗಲೆಲ್ಲ ಬಂದು ನಾವಿಬ್ಬರೇ ಕಟ್ಟಿದ ಎರಡು ಕೋಣೆಯ ಮರದ ಮನೆ. ಇನ್ನು ಉಳಿದಿರೋದು ಕಿಟಕಿ ಬಾಗಿಲುಗಳ ಸುತ್ತ ಮರದ ಪಟ್ಟಿ, ಗೋಡೆಯ ಬುಡಕ್ಕೆ ಪಟ್ಟಿ, ಅಷ್ಟೇ. ಕೇಳೋಕೆ ಏನು ಮಹಾ ಅನಿಸುತ್ತೆ. ಆದರೆ ಅಂಗಿ ಎಷ್ಟು ಚೆನ್ನಾಗಿ ಹೊಲಿದರೂ ಕಾಲರ್ ಸೊಟ್ಟಗಿದ್ದರೆ ಗಿರಾಕಿ ನೋಡೋದು ಕಾಲರನ್ನೇ ಅಲ್ವಾ? ಹಾಗೆ ಇದು.

ಪಾರ್ಶ್ವವಾಯು ಹೊಡೆದಾಗಿನಿಂದ ಇವರ ಬಲಗೈ ಇವರ ಮಾತು ಕೇಳ್ತಾ ಇಲ್ಲ. "ಕೈಗೆ ಕೆಲಸ ಕೊಡಿ, ಸುಮ್ಮನೆ ಕೂರಿಸಬೇಡಿ" ಅಂತ ಡಾಕ್ಟರು ಅಂದಿದ್ದಾರೆ. ಅದನ್ನೇ ಕಾಯ್ತಿದ್ದರೇನೋ, ಬೆಳಿಗ್ಗೆ ನಾನು ಅಂಗಿ ಗುಂಡಿ ಹಾಕಿ ಮುಗಿಸೋ ಮೊದಲೇ ಗರಗಸ ಕೇಳಿದರು.

ಮುಂದಿನ ಕೋಣೆಯ ಕಿಟಕಿ ಹಿಡಿದರು. ಕೊಯ್ಯೋ ಮುಂಚೆ ಪಟ್ಟಿಯ ಬೆನ್ನಿಗೆ ಪೆನ್ಸಿಲಲ್ಲಿ ಒಂದು ತ್ರಿಕೋನ ಹಾಕ್ತಾರೆ, ಯಾವ ತುದಿ ಮೇಲೆ ಅಂತ ಗೊತ್ತಾಗೋಕೆ. ಬಡಗಿ ಕೆಲಸ ಕಲಿತಾಗಿನ ಅಭ್ಯಾಸ. ಮುಂಚೆ ಅದು ಸ್ಕೇಲಿಟ್ಟು ಎಳೆದ ಹಾಗಿರ್ತಿತ್ತು. ಇವತ್ತಿನದು ಮೂರು ಗೆರೆಯೂ ನಡುಗಿ ನಡುಗಿ ಒಂದಕ್ಕೊಂದು ಸೇರಲೇ ಇಲ್ಲ.

ಮೂಲೆಯಲ್ಲಿ ಎರಡು ಪಟ್ಟಿ ಸೇರಬೇಕಾದರೆ ಎರಡನ್ನೂ ಓರೆಯಾಗಿ ಕೊಯ್ಯಬೇಕು. ಒಂದು ಚೂರು ಹೆಚ್ಚುಕಮ್ಮಿಯಾದರೂ ಮೂಲೆ ಬಾಯಿ ಬಿಡುತ್ತೆ. ಬಿಡ್ತು. ಬೆಂಕಿಕಡ್ಡಿ ಆರಾಮಾಗಿ ಹೋಗೋಷ್ಟು. ಹೆಬ್ಬೆರಳು ಆಡಿಸಿ ನೋಡಿದರು. "ಇದು ನನ್ನ ಕೈ ಅಲ್ಲ ಕಣೇ" ಅಂದರು. ಹೊರಗೆ ಹೋಗಿ ಕಲ್ಲಿನ ಮೇಲೆ ಕೂತರು. ಊಟಕ್ಕೆ ಕರೆದರೂ ಬರಲಿಲ್ಲ.

ಜನವರಿ 12

ಒಂದು ಕಳ್ಳ ಕೆಲಸ ಮಾಡಿದೆ. ಎಲ್ಲಾದರೂ ಬರೆದು ಕಕ್ಕಿಕೊಳ್ಳದಿದ್ದರೆ ನಿದ್ದೆ ಬರಲ್ಲ.

ವಾರಕ್ಕೆ ಮೂರು ಸಲ ಇವರು ಬಸ್ಸಲ್ಲಿ ಆಸ್ಪತ್ರೆಗೆ ಹೋಗ್ತಾರೆ, ಕೈಗೆ ವ್ಯಾಯಾಮ ಮಾಡಿಸೋ ಹುಡುಗಿ ಹತ್ತಿರ. ಇವರು ಅವಳಿಗಿಟ್ಟ ಹೆಸರು ಕೈ ಟೀಚರು. ಅತ್ತ ಇವರು ಹೋದರು, ಇತ್ತ ನಾನು ಬಾಯಿ ಬಿಟ್ಟ ಪಟ್ಟಿಯನ್ನು ಕಿತ್ತೆ. ಕೀಳೋದು ಕಷ್ಟವಲ್ಲ. ಎಲ್ಲಾ ಆದಮೇಲೆ ಕೊನೆಗೆ ಬಡಿದರಾಯ್ತು ಅಂತ ಇವರು ಮೊಳೆಯನ್ನು ಅರ್ಧಕ್ಕೇ ಬಿಟ್ಟಿರ್ತಾರೆ. ಇಷ್ಟು ವರ್ಷ ಇವರು ಕೊಯ್ಯುವಾಗ ಇನ್ನೊಂದು ತುದಿ ಹಿಡಿದು ನಿಂತವಳು ನಾನು, ನೋಡಿ ನೋಡಿಯೇ ಗೊತ್ತು. ಹೊಸ ಪಟ್ಟಿ ತಗೊಂಡು ಕೊಯ್ದೆ. ಉದ್ದ ಆಯ್ತು. ಹೊಲಿಗೆಯವಳ ಬುದ್ಧಿ ಎಲ್ಲಿ ಹೋಗಬೇಕು, ಒಳಮಡಿಕೆಗೆ ಇರಲಿ ಅಂತ ಬಿಟ್ಟುಬಿಟ್ಟಿದ್ದೆ! ಮರಕ್ಕೆ ಎಲ್ಲಿಯ ಒಳಮಡಿಕೆ, ಬೆಪ್ಪಿ. ಇನ್ನೊಂದು ಸಲ ಕೊಯ್ದೆ. ಕೂತಿತು.

ಆಮೇಲೆ ಬೆನ್ನಿನ ಗುರುತು. ಬಟ್ಟೆಗೆ ಚಾಕಲ್ಲಿ ಗೆರೆ ಎಳೆದು ಎಳೆದು ನನ್ನ ಕೈ ತಾನಾಗೇ ನೇರ ಹೋಗುತ್ತೆ. ನೇರ ಇದ್ದರೆ ಸಿಕ್ಕಿಬೀಳ್ತೀನಲ್ಲ! ಬೇಕಂತಲೇ ಕೈ ನಡುಗಿಸಿ ನಡುಗಿಸಿ ಎಳೆದೆ. ಗಂಡನ ಕಾಯಿಲೆಯನ್ನೂ ನಕಲು ಮಾಡಿದ ಹೆಂಡತಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅವರ ಪಟ್ಟಿಯನ್ನು ನೀರೊಲೆಗೆ ಹಾಕಿದೆ.

ಬಂದವರು ಸೀದಾ ಕಿಟಕಿ ಹತ್ತಿರ ಹೋದರು. ಹೆಬ್ಬೆರಳು ಆಡಿಸಿದರು.

"ಲೇ, ಇದು ಬಾಯಿ ಬಿಟ್ಟಿತ್ತಲ್ಲ?"

"ಪಟ್ಟಿ ಕೆಳಗೆ ಜಾರಿತ್ತು ರೀ. ಎತ್ತಿ ಕೂರಿಸಿದೆ ಅಷ್ಟೇ."

"ಅಂದ್ರೆ ಕೊಯ್ತ ಸರಿಯಾಗೇ ಇತ್ತು?"

"ಇತ್ತು."

ಮುಖ ಊರಗಲ ಆಯ್ತು. ಎಷ್ಟು ದಿನವಾಗಿತ್ತೋ ಆ ಮುಖ ನೋಡಿ.

ಜನವರಿ 17

ಇವರು ಈಗ ಒಂದು ಹೊಸ ಪದ್ಧತಿ ಮಾಡಿಕೊಂಡಿದ್ದಾರೆ. ಪಟ್ಟಿ ಕೂರಿಸಿದ ತಕ್ಷಣ ಮೂಲೆ ನೋಡೋದಿಲ್ಲ. ಮೊಳೆ ಅರ್ಧ ಹೊಡೆದು ಬೆನ್ನು ತಿರುಗಿಸಿ ಹೋಗಿಬಿಡ್ತಾರೆ. ನೋಡೋದು ಮಾರನೇ ದಿನ, ಆಸ್ಪತ್ರೆಯಿಂದ ಬಂದಮೇಲೆ. "ಕೊಯ್ದವನು ಕೊಯ್ದ ದಿನ ನೋಡಬಾರದು" ಅಂತಾರೆ. ಹೆದರಿಕೆ ಅಂತ ಬಾಯಿಬಿಟ್ಟು ಹೇಳಲ್ಲ, ಗಂಡಸಲ್ವಾ. ನನಗಂತೂ ಅನುಕೂಲವೇ ಆಯ್ತು. ಥೂ, ಎಂಥಾ ಮಾತು ಬರೆದೆ!

ಮಲಗೋ ಕೋಣೆಯ ಬಾಗಿಲ ಪಟ್ಟಿ ಬಾಯಿ ಬಿಟ್ಟಿತ್ತು. ಬೆಂಕಿಕಡ್ಡಿ ಹೋಗಲ್ಲ, ದಪ್ಪ ಕಾಗದ ಹೋಗುತ್ತೆ. ತೆಗೆದು ಬೇರೆ ಹಾಕಿದೆ. ಬೆನ್ನಿಗೆ ನಡುಗೋ ತ್ರಿಕೋನ. ಈ ನಡುಕ ಈಗ ನನಗೆ ಚೆನ್ನಾಗಿ ಒಗ್ಗಿಬಿಟ್ಟಿದೆ.

ಸಂಜೆ ಇವರು ಹೊಗಳಿದ್ದೇ ಹೊಗಳಿದ್ದು, ತಮ್ಮನ್ನು ತಾವೇ. "ಬಾಗಿಲು ನೋಡಿದ್ಯಾ? ನೋಡು ನೋಡು!" ಎರಡು ಸಲ ಬಡಿಸಿಕೊಂಡು ಉಂಡರು. ಹಿಡಿತ ಹೆಚ್ಚಾಗಿದೆ ಅಂದಳಂತೆ ಕೈ ಟೀಚರು. ಅವಳು ಎಲ್ಲರಿಗೂ ಹಾಗೇ ಹೇಳೋದು, ಅದೇ ಅವಳ ಕೆಲಸ. ಮೋಸ ಮಾಡಿ ನಗಿಸೋದಕ್ಕಿಂತ ನಿಜ ಹೇಳಿ ಅಳಿಸೋದೇ ಮೇಲಿತ್ತೇನೋ.

ಜನವರಿ 25

"ಪಟ್ಟಿ ಯಾಕೋ ಬೇಗ ಬೇಗ ಕರಗ್ತಿದೆಯಲ್ಲ?" ಅಂತ ಇವರು ಕೇಳಿದರು.

"ಹೆಗ್ಗಣ ಎಳ್ಕೊಂಡು ಹೋಯ್ತೇನೋ."

"ಆಹಾ! ಹೆಗ್ಗಣನೂ ಮನೆ ಕಟ್ಟಿಸ್ತಿರ್ಬೇಕು. ಅದರ ಮನೆ ಕಿಟಕಿಗೂ ನಾನೇ ಹೋಗಿ ಪಟ್ಟಿ ಹೊಡೀಲಾ?" ಅಂತ ನಕ್ಕರು. ನಾನೂ ನಕ್ಕೆ. ಅಡುಗೆ ಕೋಣೆಗೆ ಹೋಗಿ ಅತ್ತೆ.

ಅಡುಗೆ ಕಟ್ಟೆಯ ಕಿಟಕಿ. ಸಂದಿಯಲ್ಲಿ ಕೂದಲೆಳೆ ಹೋಗುತ್ತೇನೋ, ದೀಪ ಹಿಡಿದೇ ನೋಡಬೇಕು. ಆದರೂ ತೆಗೆದೆ. ಮಾಡೋದು ಮಾಡಿದ ಮೇಲೆ ಅರ್ಧಂಬರ್ಧ ಯಾಕೆ?

ಇವತ್ತು ಅಂಗಿ ಗುಂಡಿ ಇವರೇ ಹಾಕಿಕೊಂಡರು. ಮೇಲಿನದೊಂದು ಬಿಟ್ಟು.

ಫೆಬ್ರವರಿ 2, ಶುಕ್ರವಾರ

ಇವತ್ತು ಎಂಥಾ ಕೆಲಸ ಮಾಡಿದೆ ಅಂದರೆ ಯಾರಿಗಾದರೂ ತೋರಿಸಬೇಕು ಅನಿಸ್ತು. ತೋರಿಸೋದು ಯಾರಿಗೆ?

ಗೋಡೆ ಬುಡದ ಪಟ್ಟಿ. ನಮ್ಮ ನೆಲ ಒಂದು ಕಡೆ ಉಬ್ಬಿದೆ, ಪಟ್ಟಿ ನೇರ, ಕೆಳಗೆ ಸಂದಿ ಕಾಣುತ್ತೆ. ಪಟ್ಟಿಯನ್ನು ನೆಲದ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ಒಂದು ಮರದ ಚೂರಿಗೆ ಒತ್ತಿ ಹಿಡಿದು, ಆ ಚೂರನ್ನು ನೆಲದ ಮೇಲೆ ಜಾರಿಸ್ತಾ ಹೋದರೆ ನೆಲದ ಏರಿಳಿತ ಹಾಗೇ ಪಟ್ಟಿಯ ಮೇಲೆ ಬರುತ್ತೆ. ಆ ಗೆರೆ ಹಿಡಿದು ಕೀಸಿದರೆ ಪಟ್ಟಿ ನೆಲಕ್ಕೆ ಅಪ್ಪಿಕೊಂಡು ಕೂರುತ್ತೆ. ಥೇಟ್ ಅಂಗಿಯ ಕಂಕುಳು ಕತ್ತರಿಸಿದ ಹಾಗೆ! ಕೀಸುಳಿ ಹೋಗುವಾಗ ಸುರುಳಿ ಸುರುಳಿಯಾಗಿ ಏಳೋ ಹೊಟ್ಟು, ಆ ವಾಸನೆ, ಆ ಸರ್ ಸರ್ ಸದ್ದು. ಇಷ್ಟು ವರ್ಷ ಈ ಸುಖವೆಲ್ಲಾ ಇವರೊಬ್ಬರೇ ಅನುಭವಿಸಿದ್ದಾರೆ, ನಾನು ಬರೀ ತುದಿ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಬಚ್ಚಲಿನ ಸಣ್ಣ ಕಿಟಕಿ. ಹೊತ್ತಾಗಿತ್ತು, ಪಕ್ಕದ ಪಟ್ಟಿಗಳನ್ನು ಬಿಟ್ಟು ಮೇಲಿನ ಮೊಳದುದ್ದದ ಪಟ್ಟಿ ಮಾತ್ರ ಹೊಸದು ಕೊಯ್ದೆ. ಮೊದಲ ಏಟಿಗೇ ಎರಡೂ ಮೂಲೆ ಕೂತವು. ತೆಗೆದ ಪಟ್ಟಿಯನ್ನು ಒಲೆಗೆ ಹಾಕೋಕೆ ಹೋದವಳು ಹೊಲಿಗೆ ಮೆಷಿನ್ನಿನ ಕಾಲಡಿಗೆ ತುರುಕಿದೆ, ಉಬ್ಬಿದ ನೆಲದ ಮೇಲೆ ಅದೊಂದು ಅಲ್ಲಾಡ್ತಿತ್ತು. ಮೆಷಿನ್ ಮುಟ್ಟಿ ಎಷ್ಟು ದಿನವಾಯ್ತು! ಎದುರು ಮನೆಯಾಕೆಯ ಪರದೆ ಬಟ್ಟೆ ಹಾಗೇ ಬಿದ್ದಿದೆ.

ಇವರು ಹೊರಡೋದು ಇವತ್ತು ತಡವಾಯ್ತು. ಚಪ್ಪಲಿ ಹುಡುಕ್ತಾ ಕೂತರು. ನನಗೆ ಸಿಟ್ಟೇ ಬಂತು, "ಬಸ್ಸು ನಿಮಗೋಸ್ಕರ ಕಾಯುತ್ತಾ?" ಅಂತ ಗದರಿಬಿಟ್ಟೆ. ಪಾಪ, ಹೌಹಾರಿ ಹೊರಟರು. ಆ ಕೈ ಇಟ್ಟುಕೊಂಡು ಕಷ್ಟಪಡೋರ ಮೇಲೆ ರೇಗಿದೆನಲ್ಲ ಅಂತ ಆಮೇಲೆ ಬೇಜಾರಾಯ್ತು.

ಫೆಬ್ರವರಿ 11, ಭಾನುವಾರ

ಆಗಬಾರದ್ದು ಆಗಿಹೋಯ್ತು.

ಮೈದುನ ಬಂದಿದ್ದ. ಮರದ ಕಾರ್ಖಾನೆ ಈಗ ಅವನೊಬ್ಬನೇ ನೋಡಿಕೊಳ್ಳೋದು. ಇವರು ಹಾಸಿಗೆ ಹಿಡಿದಾಗಿನಿಂದ ಇವರ ಜಾಗಕ್ಕೆ ಯಾರನ್ನೂ ಹಾಕಿಕೊಂಡಿಲ್ಲ, ಒಳ್ಳೆಯ ಹುಡುಗ. ಬಂದವನು ಮನೆಯೆಲ್ಲಾ ಸುತ್ತಿದ. ಕಿಟಕಿ ಕಿಟಕಿಗೂ ಮೂಗು ತಾಗಿಸಿ ನೋಡಿದ.

"ಅಣ್ಣಾ, ಇದೆಲ್ಲಾ ನೀನೇ ಮಾಡಿದ್ದಾ?"

"ಮತ್ತೆ? ನಿಮ್ಮ ಅತ್ತಿಗೆ ಮಾಡಿದ್ಲಾ?"

ಇಬ್ಬರೂ ಬಿದ್ದು ಬಿದ್ದು ನಕ್ಕರು.

"ನಿನ್ನ ಕೈ ಬಂದುಬಿಟ್ಟಿದೆ ಕಣಣ್ಣ! ಈ ಸೋಮವಾರ ಬೇಡ, ಮುಂದಿನ ಸೋಮವಾರ ಬಂದುಬಿಡು. ದೊಡ್ಡ ಗರಗಸದ ಮುಂದೆ ನಿಲ್ಲೋ ಧೈರ್ಯ ಇರೋರು ನನ್ನ ಹತ್ರ ಯಾರೂ ಇಲ್ಲ."

ದೊಡ್ಡ ಗರಗಸ ಅಂದರೆ ಕರೆಂಟಿನದು, ಕಾರ್ಖಾನೆ ಮಧ್ಯದಲ್ಲಿರೋದು. ಅದಕ್ಕೆ ಮರ ಯಾವುದು, ಬೆರಳು ಯಾವುದು ಗೊತ್ತಾಗಲ್ಲ. ಗಟ್ಟಿ ಕೈ ಇರೋರೇ ಮೈಯೆಲ್ಲಾ ಕಣ್ಣಾಗಿ ನಿಲ್ತಾರೆ. ಅಲ್ಲಿಗೆ ಈ ನಡುಗೋ ಕೈ! ಕಳಿಸ್ತಿರೋದು ಯಾರು? ನಾನು. ನನ್ನ ಸುಳ್ಳು.

ಇವರು ಕಣ್ಣಲ್ಲಿ ನೀರು ತುಂಬಿಕೊಂಡು ತಮ್ಮನ ಭುಜ ಹಿಡಿದುಕೊಂಡರು, ಅಷ್ಟೇ. ಆಗಲೇ ಹೇಳಬೇಕಿತ್ತು.

ಫೆಬ್ರವರಿ 13

ಹೇಳಲಿಲ್ಲ.

ಫೆಬ್ರವರಿ 15

ಇವತ್ತೂ ಇಲ್ಲ. ಉಳಿಗಳನ್ನೆಲ್ಲಾ ಹೊರಗೆ ಹರಡಿಕೊಂಡು ಸಾಣೆ ಹಿಡೀತಾ ಕೂತಿದ್ದರು, ಏನೋ ಹಾಡು ಗುನುಗ್ತಾ. "ರೀ" ಅಂದೆ. "ಏನೇ?" ಅಂದರು. "ಊಟಕ್ಕೆ ಬನ್ನಿ" ಅಂದೆ. ನನ್ನ ಹಣೆಬರಹಕ್ಕೆ ಆಗಿನ್ನೂ ಅನ್ನ ಕೂಡ ಆಗಿರಲಿಲ್ಲ.

ಫೆಬ್ರವರಿ 17, ಶನಿವಾರ

ಹೇಳಿದೆ.

ಸೋಮವಾರಕ್ಕೆ ಅಂತ ಹಳೇ ಕೆಲಸದ ಅಂಗಿ ತೆಗೆದು ಕೊಟ್ಟರು, ತೋಳು ಹರಿದಿದೆ ಹೊಲಿದುಕೊಡು ಅಂತ. ಸೂಜಿಗೆ ದಾರ ಪೋಣಿಸ್ತಾ ಪೋಣಿಸ್ತಾ, ಆ ತೋಳಿನೊಳಗಿನ ಕೈ ಎಲ್ಲಿಗೆ ಹೋಗ್ತಿದೆ ಅನ್ನೋದು ಕಣ್ಣಿಗೆ ಕಟ್ಟಿತು. ಸೂಜಿ ಕೆಳಗಿಟ್ಟು ಒಂದೇ ಉಸಿರಲ್ಲಿ ಹೇಳಿಬಿಟ್ಟೆ. ಮೂಲೆಗಳನ್ನು ನಾನು ಬದಲಾಯಿಸಿದ್ದು, ಗುರುತು ನಕಲು ಮಾಡಿದ್ದು, ಹೆಗ್ಗಣ, ಎಲ್ಲಾ.

ಕೂಗಾಡ್ತಾರೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಾವ್ಯಾವ್ದು?" ಅಂದರು.

ಒಂದೊಂದೇ ತೋರಿಸ್ತಾ ಹೋದೆ. ಇದು, ಇದು, ಆ ಬಾಗಿಲು, ಈ ಬುಡದ ಪಟ್ಟಿ. ನನ್ನ ಹಿಂದೆ ಹಿಂದೆ ಬಂದರು, ಹೊಸ ಮನೆ ನೋಡೋಕೆ ಬಂದ ನೆಂಟರ ಹಾಗೆ. ಬಚ್ಚಲಿಗೆ ಬಂದಾಗ, "ಇಲ್ಲಿ ಮೇಲಿಂದು ನಂದು. ಪಕ್ಕದೆರಡು ನಿಮ್ದೇ" ಅಂದೆ. ಆಗ ಅವರು ತಲೆಯಾಡಿಸಿದರು.

"ಚೆನ್ನಾಗಿ ಮಾಡಿದ್ದೀಯ" ಅಂದರು. ಕುಹಕಕ್ಕಲ್ಲ. ನಿಜವಾಗಿ. ಅದನ್ನು ಕೇಳೋಕೆ ನನಗೆ ಯೋಗ್ಯತೆ ಇಲ್ಲ.

ತಮ್ಮನಿಗೆ ಫೋನು ಮಾಡಿದರು. "ಬರಲ್ಲ ಕಣೋ. ಇಲ್ಲ, ಇನ್ನು ಆಗಲ್ಲ. ಬೇರೆಯವರನ್ನ ನೋಡ್ಕೋ." ಅಷ್ಟೇ. ಸಾಣೆ ಹಿಡಿದ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

ಫೆಬ್ರವರಿ 19

ಸೋಮವಾರ. ಇವರು ಕಾರ್ಖಾನೆಗೆ ಹೋಗಬೇಕಿದ್ದ ದಿನ.

ಬೆಳಿಗ್ಗೆ ನನ್ನ ಮುಂದೆ ಬಂದು ನಿಂತು, "ಗುಂಡಿ ಹಾಕು" ಅಂದರು. ಹಾಕಿದೆ.

ಕೈ ಟೀಚರ ಹತ್ತಿರ ಇನ್ನು ಹೋಗಲ್ಲವಂತೆ. ಲೋಟವನ್ನು ಎಡಗೈಯಲ್ಲಿ ಹಿಡೀತಾರೆ. ಇರಲಿ, ಬೆರಳಾದರೂ ಉಳಿದವಲ್ಲ. ಮಾಡಿದ್ದು ತಪ್ಪು, ಹೇಳಿದ್ದು ಸರಿ. ಇಷ್ಟು ಬರೆದುಕೊಂಡರೂ ಸಮಾಧಾನ ಇಲ್ಲ.

ಉಳಿದ ಪಟ್ಟಿಗಳು ಮೂಲೆಯಲ್ಲಿ ಒರಗಿಕೊಂಡಿವೆ. ಮಲಗೋ ಕೋಣೆಯ ಇನ್ನೊಂದು ಕಿಟಕಿ ಬಾಕಿ. ಇವರು ಮುಟ್ಟಲ್ಲ, ನಾನು ಹೇಗೆ ಮುಟ್ಟಲಿ? ಮುಟ್ಟಬೇಕು ಅಂತ ಕೈ ತುರಿಸುತ್ತೆ. ಅದೊಂದು ನಾಚಿಕೆಗೇಡು.

ಫೆಬ್ರವರಿ 23, ಶುಕ್ರವಾರ

ಬರೆಯೋಕೆ ಆಗ್ತಿಲ್ಲ. ಆದರೂ ಬರೀತೀನಿ.

ಎದುರು ಮನೆಯಾಕೆ ಪರದೆ ಕೇಳಿಕೊಂಡು ಬಂದು ಬೈದು ಹೋದಳು. ಮೆಷಿನ್ನಿಗೆ ಕೂತೆ. ದಾರದ ಉಂಡೆ ಕೆಳಗೆ ಉರುಳಿತು. ತೆಗೆಯೋಕೆ ಬಗ್ಗಿ ಮೆಷಿನ್ ಎತ್ತಿದರೆ ಕಾಲಡಿಯ ಪಟ್ಟಿ ಹೊರಗೆ ಬಂತು. ಅದೇ, ಬಚ್ಚಲ ಕಿಟಕಿಯದು. ಬೆನ್ನು ಮೇಲಾಗಿ ಬಿತ್ತು.

ತ್ರಿಕೋನ ನೆಟ್ಟಗಿತ್ತು.

ಅಯ್ಯೋ, ಇದಕ್ಕೆ ನಾನು ಕೈ ನಡುಗಿಸೋದು ಮರೆತೆನಾ ಅನ್ನೋದೇ ಮೊದಲು ತಲೆಗೆ ಬಂದಿದ್ದು. ಎಂಥಾ ತಲೆಯೋ ನನ್ನದು! ಆಮೇಲೆ ಹೊಳೀತು. ನಾನು ಕೊಯ್ದದ್ದು ಗೋಡೆಯ ಮೇಲಿದೆ. ಇದು ಅವರದು. ಮೂರೂ ಗೆರೆ ಸ್ಕೇಲಿಟ್ಟು ಎಳೆದ ಹಾಗೆ, ಮೂರೂ ಮೂಲೆ ಸೇರಿದ್ದವು.

ಬಚ್ಚಲಿಗೆ ಹೋದೆ. ನನ್ನ ಪಟ್ಟಿ ಕಿತ್ತೆ. ಅವರದ್ದನ್ನು ಅವರ ಪಕ್ಕದ ಪಟ್ಟಿಗಳ ನಡುವೆ ಇಟ್ಟೆ. ತಾನಾಗೇ ಕೂತುಕೊಂಡಿತು, ಒತ್ತೋದೂ ಬೇಕಾಗಲಿಲ್ಲ. ಹೆಬ್ಬೆರಳು ಆಡಿಸಿದೆ. ಏನೂ ತಗಲಲಿಲ್ಲ. ಟಾರ್ಚು ಹಿಡಿದೆ, ಉಗುರು ಹಾಕಿ ನೋಡಿದೆ. ಏನಾದರೂ ಸಂದಿ ಸಿಗಲಪ್ಪ ಅಂತ ಹುಡುಕಿದೆ, ದೇವರಾಣೆಗೂ. ಸಿಗಲಿಲ್ಲ.

ಆವತ್ತು ನನ್ನ ಪಟ್ಟಿ ಮೊದಲ ಏಟಿಗೇ ಕೂತಿತು ಅಂತ ಹಿಗ್ಗಿದ್ದೆನಲ್ಲ. ಪಕ್ಕದೆರಡು ಅಷ್ಟು ಸರಿಯಾಗಿ ಕೊಯ್ದಿದ್ದವರು ಯಾರು?

ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತೆ. ಪಕ್ಕದಲ್ಲೇ ನೀರೊಲೆ ಉರೀತಿತ್ತು. ಒಂದು ಮೊಳದ ಪಟ್ಟಿ, ಹಾಕಿದರೆ ಗಳಿಗೆಯಲ್ಲಿ ಬೂದಿ. ಯಾರಿಗೂ ಗೊತ್ತಾಗಲ್ಲ. ಗಂಡನ ಬೆರಳು ಉಳಿಸಿದವಳು ಅಂತ ಹೆಸರಾದರೂ ಉಳಿಯುತ್ತೆ. ಅವರ ಪಟ್ಟಿಯನ್ನು ಮತ್ತೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ.

"ರೀ, ಇಲ್ಲಿ ಬನ್ನಿ" ಅಂತ ಕೂಗಿದೆ.

ಬಂದರು. ಎರಡೂ ಪಟ್ಟಿಗಳನ್ನು ಅವರ ಕೈಯಲ್ಲಿಟ್ಟೆ. ಹೊರಳಿಸಿ ಬೆನ್ನು ನೋಡಿದರು.

"ಇದ್ಯಾರ್ದು, ಇಷ್ಟು ನಡುಗಿದೆ?"

"ನಂದು."

"ಇದು?"

"ನಿಮ್ದು. ಬಚ್ಚಲಿಗೆ ನೀವು ಹಾಕಿದ್ದು. ನಾನು ಕಿತ್ತಿದ್ದು."

ತಮ್ಮ ಪಟ್ಟಿಯನ್ನು ತಾವೇ ಕೂರಿಸಿದರು. ಬಲಗೈಯಲ್ಲಿ. ಹೆಬ್ಬೆರಳನ್ನು ಮೂಲೆಯ ಮೇಲೆ ಇಟ್ಟವರು ತೆಗೆಯಲೇ ಇಲ್ಲ.

"ಉಳಿದವು?"

"ಒಲೆಗೆ ಹಾಕ್ದೆ."

"ಹೇಗಿದ್ವು?"

"ಮೊದಮೊದಲು ಬಾಯಿ ಬಿಟ್ಟಿದ್ವು. ಆಮೇಲಿಂದು ಗೊತ್ತಿಲ್ಲ. ನೋಡ್ಲಿಲ್ಲ."

"ನೋಡ್ದೆ ಯಾಕೆ ತೆಗೆದೆ?"

ಬಾಯಿಗೆ ಬಂದದ್ದನ್ನೇ ಹೇಳಿದೆ. "ಕೊಯ್ಯೋಕೆ ಆಸೆ ಆಗ್ತಿತ್ತು ರೀ. ನೀವು ಚೆನ್ನಾಗಿ ಕೊಯ್ದಿದ್ರೆ ನಂಗೆ ಕೆಲ್ಸ ಇರ್ತಿರ್ಲಿಲ್ಲ."

ಹೇಳಿದ ಮೇಲೆ ಅದು ನಿಜ ಅಂತ ಗೊತ್ತಾಯ್ತು. ಸುಳ್ಳು ಹೇಳಿದ್ದು ಅವರಿಗೋಸ್ಕರ ಅಂತ ಈ ಪುಸ್ತಕಕ್ಕೂ ಹೇಳಿಕೊಂಡು ಬಂದಿದ್ದೆ.

ಹೊಸ್ತಿಲ ಮೇಲೆ ಕೂತರು. ಬಲಗೈಯನ್ನು ಮುಂದೆ ಚಾಚಿ, ಬೇರೆ ಯಾರದೋ ಕೈ ಅನ್ನೋ ಹಾಗೆ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಕೈ ಬಂದಿತ್ತು ಕಣೇ" ಅಂದರು. "ನಂಗೇ ಗೊತ್ತಾಗ್ದೆ ಹೋಯ್ತು."

ಸಣ್ಣ ಮಗುವಿನ ಹಾಗೆ ಅತ್ತರು. ಹತ್ತಿರ ಹೋಗಿ ಮುಟ್ಟೋ ಧೈರ್ಯ ನನಗೆ ಬರಲಿಲ್ಲ. ಬಾಗಿಲ ಪಟ್ಟಿಗೆ ಒರಗಿ ನಿಂತಿದ್ದೆ. ಅದೂ ನಾನು ಕೊಯ್ದದ್ದೇ.

ಫೆಬ್ರವರಿ 26, ಸೋಮವಾರ

ಇವತ್ತು ಕಾರ್ಖಾನೆಗೆ ಹೋದರು. ಮೈದುನನ ಹತ್ತಿರ ಅವರೇ ಮಾತಾಡಿಕೊಂಡಿದ್ದಾರೆ: ದೊಡ್ಡ ಗರಗಸದ ಹತ್ತಿರ ಸದ್ಯಕ್ಕೆ ಬೇಡ, ಮೇಜಿನ ಮೇಲಿನ ಕೈಕೆಲಸ, ಆಮೇಲೆ ನೋಡೋಣ ಅಂತ. ಕೈ ಟೀಚರ ಹತ್ತಿರವೂ ಮತ್ತೆ ಹೋಗ್ತಾರಂತೆ. ಈ ಎರಡು ದಿನ ನನ್ನ ಹತ್ತಿರ ಬೇಕಾದ್ದಕ್ಕಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು. ಅದೂ ನನಗೆ ಹೆಚ್ಚೇ.

ಗುಂಡಿ ಎಲ್ಲಾ ಅವರೇ ಹಾಕಿಕೊಂಡರು, ಮೇಲಿನದೂ ಸೇರಿ. ಬುತ್ತಿ ಕೈಗೆ ಕೊಟ್ಟೆ. ಬಲಗೈಯಲ್ಲೇ ತಗೊಂಡರು. ಮೆಟ್ಟಿಲಿಳಿದವರು ನಿಂತರು. ತಿರುಗಿ ನೋಡಲಿಲ್ಲ.

"ಮಲಗೋ ಕೋಣೆ ಕಿಟಕಿ ಬಾಕಿ ಇದೆ. ಮುಟ್ಬೇಡ ಅಂತ ಹೇಳಲ್ಲ. ಹೇಳಿದ್ರೂ ನೀನು ಕೇಳಲ್ಲ."

ಎರಡು ಹೆಜ್ಜೆ ಹಾಕಿ ಮತ್ತೆ ಅಂದರು:

"ಹಿಂದೆ ಗುರುತು ಹಾಕುವಾಗ ಮಾತ್ರ ಕೈ ನಡುಗಿಸ್ಬೇಡ."

ಹೋದರು. ಬಸ್ಸು ಹೋದ ಸದ್ದು ಕೇಳೋ ತನಕ ಬಾಗಿಲಲ್ಲೇ ಇದ್ದೆ. ಆಮೇಲೆ ಒಂದು ಪಟ್ಟಿ ತಗೊಂಡು, ಬೋರಲು ಹಾಕಿ, ಪೆನ್ಸಿಲು ಹಿಡಿದೆ. ಒಂದು ಗೆರೆ ಎಳೆದೆ. ನಡುಗಿತು. ಉಜ್ಜಿ ಅಳಿಸಿ ಮತ್ತೆ ಎಳೆದೆ. ಮತ್ತೆ ನಡುಗಿತು. ಬೇಕಂತ ಮಾಡಿದ್ದಲ್ಲ.

ಪಟ್ಟಿಯನ್ನು ಗೋಡೆಗೆ ಒರಗಿಸಿ ಪರದೆ ಹೊಲಿಯೋಕೆ ಕೂತೆ. ಮೆಷಿನ್ ಕಾಲಡಿಗೆ ಇನ್ನೂ ಏನೂ ಇಟ್ಟಿಲ್ಲ, ಅಲ್ಲಾಡ್ತಾ ಇದೆ.